ಏಳನೇ ಫಾರಂ

ಗಂಗಾವತಿ
ದಿ. ೧೧-೨-೨೦೨೫, ಮಂಗಳವಾರ

ಅಕ್ಕ ಮಲ್ಲೇಶ್ವರಿಗೆ, ನಿನ್ನ ಒಬ್ಬನೇ ತಮ್ಮ ಗವಿಸಿದ್ದೇಶ ಬಗ್ಗಿ ಮಾಡುವ ನಮಸ್ಕಾರ.

ಮೊದಲು ಮೊಣಕಾಲಿನ ಸಮಾಚಾರ ತಿಳಿಸು. ನನ್ನಾಕೆ ವಾಣಿಶ್ರೀ ಕೊಟ್ಟು ಕಳಿಸಿದ ಎಣ್ಣೆಯನ್ನು ತಿಕ್ಕಿಕೊಳ್ಳುತ್ತೀಯೋ, ಇಲ್ಲ ಅಂಗನವಾಡಿ ಬಾಗಿಲಿನ ಬಿಜಾಗರಿಗೆ ಹಾಕಿ ಮುಗಿಸಿದೆಯೋ? ಬಿ.ಪಿ. ಗುಳಿಗೆ ತಪ್ಪಿಸಬೇಡ. ಕುಷ್ಟಗಿಯ ಬಿಸಿಲು ಈಗಲೇ ಸುರುವಾಗಿದೆಯಂತೆ, ಮಕ್ಕಳನ್ನು ಮನೆಗೆ ಬಿಟ್ಟ ಮೇಲೆ ಸ್ವಲ್ಪ ಅಡ್ಡಾಗು. ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ. ಹಾಗಿರುವುದು ನಿನಗೆ ಸದ್ಯ ಇಷ್ಟವಿಲ್ಲದಿದ್ದರೆ, ನನಗೆ ಎಂಟು ದಿನದಿಂದ ಹೊಟ್ಟೆಯುಬ್ಬರವಿದೆ ಎಂದು ತಿಳಿದು ಸಮಾಧಾನಪಡು. ಫೋನ್ ಮಾಡಿದರೆ ಎತ್ತುವುದಿಲ್ಲ, ವಾಟ್ಸಾಪಿನಲ್ಲಿ ಒಂದೇ ಗೀಟು ಬೀಳುತ್ತದೆ. ಅದಕ್ಕೇ ಈ ಕಾಗದ. ಅಂಚೆಯವನು ಅಂಗನವಾಡಿಯ ಬಾಗಿಲಿಗೇ ಬರುತ್ತಾನೆ, ಅಷ್ಟು ಮಕ್ಕಳ ಎದುರಿಗೆ ಟೀಚರಮ್ಮ ಕಾಗದ ಹರಿದು ಬಿಸಾಡಲಾರಳು ಎಂಬ ಲೆಕ್ಕಾಚಾರ ನನ್ನದು.

ಓದಿನ ಬಾಕಿ ತೀರಿಸುವ ಕೆಲಸ ನಡೆದಿದೆ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿಕೊಂಡವರು ನಮ್ಮ ವಾರಪತ್ರಿಕೆಯ ನನ್ನ ಅಂಕಣಕ್ಕೆ ಎರಡೆರಡು ಪ್ರತಿ ಕಳಿಸುವುದು ನಿನಗೆ ಗೊತ್ತು. ಮೂರು ವರ್ಷ ಬರುವುದಕ್ಕೆ ಬಿಟ್ಟು, ದೀಪಾವಳಿಗೆ ಕಸ ಹೊಡೆಯುವಾಗ ನೋಡಿದರೆ ಐವತ್ತೆಂಟು ಪುಸ್ತಕ. ಮಂಚದ ಮೇಲೆ ಸಾಹಿತ್ಯ, ನೆಲದ ಮೇಲೆ ದಾಂಪತ್ಯ. ವಾಣಿಶ್ರೀ, “ಇವನ್ನ ಓದ್ತೀರೋ, ಇಲ್ಲಾ ನೀರ್ ಹಾಕಿ ಬೆಳಸ್ತೀರೋ?” ಎಂದು ಕೇಳಿದ ದಿನದಿಂದ ವಾರಕ್ಕೆ ಮೂರರಂತೆ ಓದಿ ಒಗೆಯುತ್ತಿದ್ದೇನೆ. ರೈಸ್ ಮಿಲ್ಲಿನ ಗುಮಾಸ್ತನಾದ ನನಗೆ ಹೊಟ್ಟು ಯಾವುದು ಅಕ್ಕಿ ಯಾವುದು ಎಂದು ಹೇಳಿಕೊಡಬೇಕಾಗಿಲ್ಲ. ಹನುಮನಹಳ್ಳಿಯ ಲಾಡ್ಜಿನ ಮಾಲೀಕನೊಬ್ಬ ಬೇರೆ ಗ್ರಹದವರು ಬೆಟ್ಟದ ಮೇಲೆ ಇಳಿಯುವ ಕಾದಂಬರಿ ಬರೆದಿದ್ದಾನೆ. ಇಳಿದವರು ಆತನ ಲಾಡ್ಜಿನಲ್ಲೇ ಉಳಿಯುತ್ತಾರೆ, ಕೊನೆಯ ಪುಟದಲ್ಲಿ ರೂಮು ಬೇಕಾದವರಿಗೆ ಫೋನ್ ನಂಬರಿದೆ. ಪತ್ತೇದಾರಿ ಬರೆದ ಇನ್ನೊಬ್ಬ ಮಹಾಶಯ ಪುಸ್ತಕವನ್ನು ‘ಕೊಲೆಗಾರನ ಪಾತ್ರಕ್ಕೆ ಸ್ಫೂರ್ತಿಯಾದ ನಮ್ಮ ಕಂಪೌಂಡರ್‌ಗೆ’ ಅರ್ಪಿಸಿ, ಮೂರನೇ ಪುಟದಲ್ಲೇ ಕಥೆ ಮುಗಿಸಿದ್ದಾನೆ. ನಿವೃತ್ತ ಸಾಹೇಬರೊಬ್ಬರ ಪ್ರೇಮಕಥೆಗಳಿಗೆ ನಾನು ಕೊಟ್ಟ ತೀರ್ಪು ನೀನೂ ಓದಿ ನಕ್ಕಿದ್ದೆ: ‘ನಾಯಕಿ ನಕ್ಕರೆ ಮಲ್ಲಿಗಿ, ಓದುಗ ಹಿಡಿದ ಹಾಸಿಗಿ.’ ಪ್ರಾಸ ಸಿಕ್ಕಿತೆಂದರೆ ನನಗೆ ಕೈ ತಡೆಯುವುದಿಲ್ಲ, ಅದು ಚಿಕ್ಕಂದಿನಿಂದ ಬಂದ ತುರಿಕೆ. ಆಗ ನೀನೇ ಕೆರೆಯುತ್ತಿದ್ದೆ.

ನಿನ್ನ ಕಾದಂಬರಿ ‘ಮೊಣಕಾಲುದ್ದ ನೀರು’ ಬಂದದ್ದು ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ. ನೀನು ಮೂರು ಸಲ ಕೇಳಿದೆ: “ಗವಿ, ಓದಿದ್ಯಾ?” ಮೂರು ಸಲವೂ ನಾನು ಸರದಿ ಬರಲಿ ಎಂದೆ. ಅಕ್ಕನ ಪುಸ್ತಕವೆಂದು ಮುಂದೆ ತಂದರೆ ಊರು ಏನೆಂದೀತು ಎಂಬ ನಿಯತ್ತು. ಜನವರಿಯಲ್ಲಿ ಸರದಿ ಬಂತು. ಶ್ರೀರಾಮನಗರದ ಗದ್ದೆಗೆ ನಾಟಿ ಹಚ್ಚಲು ಹೋಗುವ ಅಮರಮ್ಮನ ಕಥೆ ತೊಂಬತ್ತಾರು ಪುಟದ ತನಕ ಛಲೋ ಹರಿಯಿತು. ತೊಂಬತ್ತಾರರ ತಳದಲ್ಲಿ ಅಮರಮ್ಮ ಗಂಡನ ಬುತ್ತಿ ಕಟ್ಟುತ್ತಾಳೆ. ಎದುರಿನ ಪುಟದಲ್ಲಿ ಬಳೆಯಿಲ್ಲದ ಕೈಯಲ್ಲಿ ಸಸಿ ಕೀಳುತ್ತ ಅಳುತ್ತಿದ್ದಾಳೆ. ಆ ಪುಟದ ನಂಬರು ನೂರಾ ಹದಿಮೂರು ಎಂಬುದು ಕಂಡಿತ್ತು. ಆದರೆ ಸ್ವಂತ ಖರ್ಚಿನ ಪುಸ್ತಕಗಳ ಪುಟಸಂಖ್ಯೆಯನ್ನು ನಂಬುವ ರೂಢಿ ನನಗಿಲ್ಲ, ಒಂದರಲ್ಲಿ ನಲವತ್ತನೇ ಪುಟ ಮೂರು ಸಲ ಬಂದಿತ್ತು. ನಂಬರು ತಪ್ಪು ಹಾಕಿದ್ದು ಅಚ್ಚಿನವನು, ಗಂಡನನ್ನು ಕೊಲ್ಲಲು ಮರೆತದ್ದು ಅಕ್ಕ ಎಂದುಕೊಂಡು ಹಾಗೆಯೇ ಬರೆದೆ. ಸ್ವಂತದವಳೆಂದು ರಿಯಾಯಿತಿ ತೋರಿಸಬಾರದೆಂದು ಬೇರೆಯವರಿಗಿಂತ ಒಂದು ಕೈ ಹೆಚ್ಚೇ ಹಾಕಿದೆ. ‘ಸತ್ತವನ್ಯಾರು ಹೇಳಿಲ್ಲ, ಅತ್ತವರಂತೂ ಬಿಟ್ಟಿಲ್ಲ’ ಎಂದು ತಲೆಬರಹ ಕೊಟ್ಟೆ. ಲೇಖಕಿ ಅಂಗನವಾಡಿಯ ಮಕ್ಕಳಿಗೆ ಒಂದರಿಂದ ಹತ್ತರ ತನಕ ಕಲಿಸುತ್ತಾರೆ, ಕಾದಂಬರಿಗೆ ಅಷ್ಟು ಸಾಲದು ಎಂದೂ ಬರೆದೆ. ಬರೆದಾಗ ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ?

ಆ ಎರಡು ಸಾಲು ಇಷ್ಟು ಓಡಾಡುತ್ತವೆಂದು ನನಗೆ ತಿಳಿದಿರಲಿಲ್ಲ. ಗಂಗಾವತಿಯಿಂದ ಹೊರಟು, ಯಲಬುರ್ಗಾದಲ್ಲಿ ಚಹಾ ಕುಡಿದು, ನಿನ್ನೂರಿಗೆ ನನಗಿಂತ ಮೊದಲು ಮುಟ್ಟಿದವು. ಮಕ್ಕಳನ್ನು ಬಿಡಲು ಬರುವ ತಾಯಂದಿರು, “ಟೀಚರ್, ಸತ್ತವ ಯಾರಂತ ಗೊತ್ತಾತೇನ್ರಿ?” ಎಂದು ಕೇಳಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರಂತೆ. ಕುಷ್ಟಗಿಯ ಸಾಹಿತ್ಯ ಮೇಳದವರು ಇಪ್ಪತ್ಮೂರನೇ ತಾರೀಖಿನ ಗೋಷ್ಠಿಯಿಂದ ನಿನ್ನ ಹೆಸರು ತೆಗೆದದ್ದೂ ಗೊತ್ತಾಯಿತು. ಐವತ್ತೆರಡು ವರ್ಷಕ್ಕೆ ಮೊದಲ ಸಲ ವೇದಿಕೆ ಹತ್ತುವವಳಿದ್ದೆ, ಅದಕ್ಕಾಗಿ ಸೀರೆಗೆ ಫಾಲ್ ಹಚ್ಚಿಸಿದ್ದೆ ಎಂದು ವಾಣಿಶ್ರೀ ಬೇಕೆಂದೇ ನನಗೆ ಊಟಕ್ಕೆ ಬಡಿಸುವಾಗ ಹೇಳಿದಳು. ನೀನು ಮನೆಮನೆಗೆ ಹೋಗಿ, “ಓದಿದ್ದು ಸಾಕವ್ವಾ, ಪುಸ್ತಕ ಕೊಟ್ಟುಬಿಡು” ಎಂದು ಕೊಟ್ಟ ಪುಸ್ತಕಗಳನ್ನೆಲ್ಲ ವಾಪಸು ಇಸಿದುಕೊಂಡು ಬರುತ್ತಿರುವುದನ್ನೂ ಅವಳೇ ಹೇಳಿದ್ದು.

ಹೋದ ಸೋಮವಾರ ಪ್ರೆಸ್ಸಿನ ತಿಮ್ಮಣ್ಣ ಮಿಲ್ಲಿಗೇ ಬಂದ. ನಿನ್ನ ಪುಸ್ತಕ ಹೊಲಿದವನು. ಬಂದವನು ನಮಸ್ಕಾರವನ್ನೂ ಮಾಡದೆ, “ಸರ, ಅಕ್ಕಾರಿಗೆ ಏನರೆ ಅನ್ರಿ, ಅದು ನಿಮ್ಮ ಮನಿ ಮಾತು. ಪುಟದ ನಂಬರ್ ತಪ್ಪೈತಿ ಅಂದ್ರ ಅದು ನನ್ನ ಮಾನ” ಎಂದ. ಹದಿನಾರು ಪುಟಕ್ಕೆ ಒಂದು ಫಾರಂ, ನಿನ್ನ ಪುಸ್ತಕಕ್ಕೆ ಹನ್ನೆರಡು, ಒಂದೂ ತಪ್ಪಿಲ್ಲ ಎಂದು ತನ್ನ ಪ್ರತಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟ. ತೊಂಬತ್ತಾರಾದ ಮೇಲೆ ತೊಂಬತ್ತೇಳೇ ಇತ್ತು. ನನ್ನ ಪ್ರತಿಯನ್ನು ಮನೆಯಿಂದ ತರಿಸಿ ಕೊಟ್ಟೆ. ಬೆನ್ನನ್ನು ಬಗ್ಗಿಸಿ ಬೆಳಕಿಗೆ ಹಿಡಿದ. “ದಾರ ಹಂಗಽ ಐತಿ ನೋಡ್ರಿ, ಹಾಳಿ ಇಲ್ಲ. ಬ್ಲೇಡ್ ಹಾಕ್ಯಾರ. ಭಾಳ ನಾಜೂಕ ಕೈ.” ಎರಡನೇ ಪ್ರತಿಯಲ್ಲೂ ಹಾಗೆಯೇ, ಅದೇ ಏಳನೇ ಫಾರಂ, ಅಷ್ಟೇ ನೀಟಾಗಿ. ತಿಮ್ಮಣ್ಣ ನನ್ನ ಮುಖ ನೋಡಿ, “ಯಾರು ಕೊಟ್ಟಿದ್ರಿ ಇವನ್ನ?” ಎಂದು ಕೇಳಿದ. ನೀನೇ ಕೈಯಾರೆ ತಂದುಕೊಟ್ಟದ್ದು. ಆತನ ಪ್ರತಿಯನ್ನು ಎರಡು ದಿನಕ್ಕೆಂದು ಇಸಿದುಕೊಂಡೆ.

ಆ ಹದಿನಾರು ಪುಟವನ್ನು ಮಿಲ್ಲಿನಲ್ಲೇ ನಿಂತು ಓದಿದೆ. ಅಮರಮ್ಮನ ಗಂಡ ಪಂಪ್‌ಸೆಟ್ಟಿನ ತಂತಿ ಹಿಡಿದು ಸಾಯುತ್ತಾನೆ, ನಿನ್ನ ಯಜಮಾನ, ನಮ್ಮ ದ್ಯಾಮಣ್ಣ ಮಾವ ಹೋದ ಹಾಗೆಯೇ. ಗಂಡ ಹೋದವಳಿಗೆ ತವರಿನ ಸೀರೆ ಬರಬೇಕು, ತರಬೇಕಾದವನು ತಮ್ಮ. ಇಳಿಹೊತ್ತಿನ ತನಕ ಕಾದು, ಕೊನೆಗೆ ಪಕ್ಕದ ಮನೆಯ ಜೋಹರಾಬಿ ತನ್ನ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದುಕೊಟ್ಟ ಮೇಲೆ ಮಣ್ಣು ಮಾಡುತ್ತಾರೆ. ಮಣ್ಣಾದ ಮೇಲೆ ತಮ್ಮ ಬರುತ್ತಾನೆ. ಕೈಯಲ್ಲಿ ಸೀರೆಯಿಲ್ಲ, ಹೆಗಲ ಮೇಲೆ ಕವಿಗೋಷ್ಠಿಯ ಸನ್ಮಾನದ ಶಾಲಿದೆ. ಅದನ್ನೇ ತೆಗೆದು ಅಕ್ಕನಿಗೆ ಹೊದಿಸುತ್ತಾನೆ. ಅಂಚಿನಲ್ಲಿ ಸಂಘದ ಹೆಸರು ಅಚ್ಚಾಗಿರುತ್ತದೆ. “ಬಸ್ ಕೆಟ್ಟಿತ್ತಕ್ಕಾ” ಎನ್ನುತ್ತಾನೆ. ಅಮರಮ್ಮ ಸಂಘದ ಹೆಸರನ್ನು ಅಕ್ಷರ ಕೂಡಿಸಿ ಓದಿ, “ಬಸ್ ಕೆಟ್ರ ಕೆಡ್ಲಿ ಬಿಡಪ್ಪಾ, ನಿನ್ನ ದನಿ ಕೆಟ್ಟಿಲ್ಲಲ್ಲ” ಎನ್ನುತ್ತಾಳೆ.

ನೀನು ಅವತ್ತು ನನಗೆ ಏನೂ ಅಂದಿರಲಿಲ್ಲ. ಹನ್ನೆರಡು ವರ್ಷ ಬಾಯಿಯಲ್ಲಿ ಇಟ್ಟುಕೊಂಡಿದ್ದು, ಇಲ್ಲಿ ಉಗುಳಿದ್ದೀ. ಹೌದು, ಬಸ್ಸು ಕೆಟ್ಟಿರಲಿಲ್ಲ. ಫೋನ್ ಬಂದದ್ದು ಮುಂಜಾನೆ ಹನ್ನೊಂದಕ್ಕೆ. ಕವಿಗೋಷ್ಠಿಯಲ್ಲಿ ನನ್ನ ಸರದಿ ಕೊನೆಯದಿತ್ತು. ಹೋದ ಜೀವ ನಾನು ಓಡಿ ಹೋದರೆ ವಾಪಸು ಬರುತ್ತದೆಯೇ, ಓದಿಯೇ ಹೊರಡೋಣ ಎಂದುಕೊಂಡೆ. ಓದಿದೆ. ಚಪ್ಪಾಳೆ ಬಿತ್ತು. ಇದನ್ನು ನಿನ್ನ ಪುಸ್ತಕದಲ್ಲಿ ನಾನು ನೋಡಬಾರದೆಂದು ಬ್ಲೇಡು ಹಿಡಿದು ಕೂತೆಯಲ್ಲ, ಅದಕ್ಕೆ ಏನನ್ನಬೇಕು? ತಮ್ಮ ನೊಂದಾನು ಎಂಬ ಕರುಣೆಯೇ? ನೋಯುತ್ತದೆ ಎಂದು ಗೊತ್ತಿದ್ದೂ ಮುನ್ನೂರು ಪ್ರತಿ ಊರಿಗೆ ಹಂಚಿದ್ದೆ. ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಓದಲಿ ಎಂದಲ್ಲವೇ? ನನಗೆ ಕೊಟ್ಟದ್ದು ತೂತು ಬಿದ್ದ ಪುಸ್ತಕ, ತೂತು ಇದೆ ಎಂದು ಬರೆದೆ. ತಪ್ಪಿನ ಅರ್ಧ ನಿನಗೂ ಬರುತ್ತದೆ.

ಆದರೂ ಒಂದು ಮಾತು ಹೇಳುತ್ತೇನೆ, ಇದನ್ನು ಪ್ರಾಸವಿಲ್ಲದೆ ಹೇಳುತ್ತೇನೆ. ಇಲ್ಲಿತನಕ ಓದಿದ ನಲವತ್ತು ಚಿಲ್ಲರೆ ಪುಸ್ತಕದಲ್ಲಿ ಆ ಹದಿನಾರು ಪುಟದಂಥದು ಇನ್ನೊಂದಿಲ್ಲ. ಜೋಹರಾಬಿ ಪೆಟ್ಟಿಗೆ ತೆರೆದಾಗ ಬರುವ ನುಸಿಗುಳಿಗೆಯ ವಾಸನೆ ಇನ್ನೂ ನನ್ನ ಮೂಗಿನಲ್ಲಿದೆ. ನಾನು ಇಪ್ಪತ್ತು ವರ್ಷದಲ್ಲಿ ಬರೆದ ಎಲ್ಲ ಕವಿತೆ ಸೇರಿಸಿದರೂ ಆ ವಾಸನೆಯಷ್ಟು ಆಗುವುದಿಲ್ಲ. ಇದು ಓದಿದ ಕೂಡಲೇ ತಿಳಿಯಿತು, ಮತ್ತು ತಿಳಿದದ್ದಕ್ಕೆ ನಿನ್ನ ಮೇಲೆ ಇನ್ನೂ ಸಿಟ್ಟು ಬಂತು.

ನಿನ್ನ ಮೊಮ್ಮಗಳಿಗೆ ಮುದ್ದು. ನಿನ್ನ ಪಾದಕ್ಕೆ ಮತ್ತೊಮ್ಮೆ ನಮಸ್ಕಾರ, ನೋಯುವ ಮೊಣಕಾಲನ್ನು ಬಿಟ್ಟು ಹಿಡಿದಿದ್ದೇನೆ. ವಾಣಿಶ್ರೀಯೂ ಕೇಳಿದ್ದಾಳೆಂದು ಬರೆಯಬಹುದಿತ್ತು, ಆದರೆ ಅವಳು ನನ್ನೊಂದಿಗೂ ಮಾತು ಬಿಟ್ಟು ಮೂರು ದಿನವಾಯಿತು.

ಇಂತಿ,
ನಿನ್ನ ತಮ್ಮ
ಗವಿಸಿದ್ದೇಶ

ತಾ.ಕ.: ಟಪಾಲಿನ ಹೊತ್ತಾಯಿತು, ಬಂದ ಕೆಲಸ ಹೇಳಿಬಿಡುತ್ತೇನೆ. ತಪ್ಪು ನನ್ನದು, ಇಂಥ ಕಾದಂಬರಿ ಈ ಜಿಲ್ಲೆಯಲ್ಲಿ ಬಂದಿಲ್ಲ ಎಂದು ಹೊಸ ವಿಮರ್ಶೆ ಬರೆದಿಟ್ಟಿದ್ದೇನೆ. ಹದಿನೆಂಟಕ್ಕೆ ಪತ್ರಿಕೆ ಅಚ್ಚಿಗೆ ಹೋಗುತ್ತದೆ. ಅದು ಬಂದರೆ ಗೋಷ್ಠಿಗೆ ನಿನ್ನ ಹೆಸರು ಮತ್ತೆ ಸೇರಿಸುತ್ತೇವೆಂದು ಮೇಳದವರು ಒಪ್ಪಿದ್ದಾರೆ. ಆದರೆ ಇಷ್ಟು ದಿನ ಪುಸ್ತಕ ತೆರೆಯದೇ ಇಟ್ಟಿದ್ದ ಜನವೂ ಆಮೇಲೆ ಕೇಳಿ ಓದುತ್ತಾರೆ, ತಮ್ಮ ಯಾರೆಂದು ಗುರುತಿಸಲು ಯಾರಿಗೂ ಕನ್ನಡಕ ಬೇಕಾಗುವುದಿಲ್ಲ. ಹೇಗೂ ಹೆಚ್ಚುಕಡಿಮೆ ಎಲ್ಲ ಪ್ರತಿ ನಿನ್ನ ಮನೆಗೆ ಬಂದಿವೆ, ತಿಮ್ಮಣ್ಣನದು ನನ್ನ ಹತ್ತಿರವೇ ಉಳಿದಿದೆ. ಎಲ್ಲದರಿಂದಲೂ ಏಳನೇ ಫಾರಂ ತೆಗೆದುಹಾಕಿ ನನಗೊಂದು ಮಿಸ್ಡ್ ಕಾಲ್ ಕೊಡು, ವಿಮರ್ಶೆಯನ್ನು ಅಚ್ಚಿಗೆ ಕೊಡುತ್ತೇನೆ. ನಡುವೆ ಕಥೆ ತಿಳಿಯದಿದ್ದರೆ ತಿಳಿಯದಿರಲಿ, ಛಲೋ ಐತಿ ಎಂದು ನಾನು ಬರೆದಿರುತ್ತೇನಲ್ಲ. ಎರಡು ಕೊಯ್ದು ನಿನ್ನ ಕೈ ಪಳಗಿದೆ. ಬ್ಲೇಡು ಮಾತ್ರ ಹೊಸದು ತಗೋ.