ಕಾರಿನ ದೀಪ ಉಜ್ಜಿದ ಸಮಾಚಾರ

ಮನೆ, ಹಿಂದಿನ ವರಾಂಡ
ಮಾರ್ಚ್ ೧೪, ಭಾನುವಾರ ಸಂಜೆ

ಪ್ರೀತಿಯ ಇವಳೇ,

ಇಪ್ಪತ್ತೆಂಟು ವರ್ಷ ‘ಇವಳೇ’ ಎಂದು ಕೂಗಿದವನಿಗೆ ಈಗ ಹೆಸರು ಹಿಡಿದು ಬರೆಯಲು ಕೈ ಬರುತ್ತಿಲ್ಲ, ನಗಬೇಡ. ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ನಿಮ್ಮಕ್ಕನ ಮನೆ ಮೂರನೇ ಮಹಡಿ, ಅದರಲ್ಲೂ ಲಿಫ್ಟ್ ಕೆಟ್ಟಿದೆಯೆಂದು ನಿನ್ನ ತಮ್ಮ ಹೇಳಿದ. ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಹತ್ತಿಳಿಯಬೇಡ. ನಿದ್ದೆ ಬರುತ್ತಿದೆಯೋ ಇಲ್ಲವೋ ಅದನ್ನೂ ತಿಳಿಸು. ನಾನು ಚೆನ್ನಾಗಿದ್ದೇನೆ. ಅಡುಗೆ ನಡೆಯುತ್ತಿದೆ; ತಳ ಹಿಡಿದದ್ದು ಒಂದೇ ಪಾತ್ರೆ, ಅದೂ ಚಿಕ್ಕದು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ನಿನ್ನ ದನಿ ಕೇಳಿದೊಡನೆ ನನ್ನ ಬಾಯಿಗೆ ಬಿಸಿಲು, ನಲ್ಲಿ ನೀರು, ಗ್ಯಾಸು, ಇಂಥವೇ ಬರುತ್ತವೆ. ನಿನ್ನ ತಮ್ಮ ಇವತ್ತು ಆ ಕಡೆ ಹೊರಟಿದ್ದಾನೆ, ಅವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ.

ಸಮಾಚಾರ ಏನೆಂದರೆ, ಹಳದಿಗಟ್ಟಿದ್ದ ಕಾರಿನ ಮುಂದಿನ ಎರಡೂ ದೀಪಗಳನ್ನು ನಾನೇ ಉಜ್ಜಿದೆ. ನಿನ್ನೆ ಅಂಗಡಿ ತೆರೆಯಲಿಲ್ಲ. ಮೊದಲು ಯಾರದೋ ಮಾತು ಕೇಳಿ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿದೆ. ದೀಪಕ್ಕೆ ಪುದೀನದ ವಾಸನೆ ಬಂತು, ಅಷ್ಟೇ. ಆಮೇಲೆ ಉಪ್ಪುಕಾಗದ ತಂದೆ. ಬಣ್ಣಕ್ಕೆ ಗೀರು ಬೀಳದಿರಲೆಂದು ದೀಪದ ಸುತ್ತ ಟೇಪು ಅಂಟಿಸಿದೆ. ಒರಟು ಕಾಗದದಿಂದ ಶುರುಮಾಡಿ ನಯದ ಕಡೆಗೆ ಬನ್ನಿ ಎಂದು ಕಾಗದ ಮಾರಿದವನು ಸಾರಿ ಸಾರಿ ಹೇಳಿದ್ದ. ನಾನು ಕೇಳಬೇಕಲ್ಲ! ಮೂವತ್ತು ವರ್ಷದಿಂದ ಕನ್ನಡಕದ ಗಾಜು ಉಜ್ಜುತ್ತಿರುವವನಿಗೆ ಇವನೇನು ಹೇಳಿಕೊಡುವುದು ಎಂಬ ಜಂಬ. ಕನ್ನಡಕಕ್ಕೆ ಮಾಡುವ ಹಾಗೆ ತೀರಾ ನಯವಾದ ಕಾಗದದಲ್ಲಿ ಒಂದು ಗಂಟೆ ಹೂವು ಸವರಿದಂತೆ ಸವರಿದೆ. ಹಳದಿ ಕದಲಲಿಲ್ಲ. ಕೊನೆಗೆ ಸೋತು ಒರಟು ಕಾಗದವನ್ನೇ ನೀರಿನಲ್ಲಿ ಅದ್ದಿ ಉಜ್ಜಿದೆ. ಹಳದಿ ನೀರು ಬಳಬಳನೆ ಇಳಿಯಿತು, ಆದರೆ ದೀಪ ಪೂರ್ತಿ ಬೆಳ್ಳಗಾಗಿಹೋಯಿತು. ಅಯ್ಯೋ, ಇದ್ದದ್ದೂ ಹಾಳಾಯಿತಲ್ಲ ಎಂದುಕೊಂಡೆ. ಆಮೇಲೆ ಒಂದೊಂದೇ ನಯದ ಕಾಗದ, ಕಡೆಗೆ ಪಾಲಿಶು, ಅಂಗಡಿಯ ಮೆತ್ತನೆ ಬಟ್ಟೆ. ಎಡಗಡೆಯದು ತಿಳಿಯಾಗುವ ಹೊತ್ತಿಗೆ ಸಂಜೆ ಆಗಿತ್ತು. ಮೂಲೆಮನೆ ಮೇಷ್ಟ್ರು ಬೇಲಿಯ ಆಚೆ ನಿಂತು, “ಒಂದು ಕಣ್ಣಿನ ಆಪರೇಶನ್ ಆಯ್ತು, ಇನ್ನೊಂದಕ್ಕೆ ಯಾವಾಗ ಅಡ್ಮಿಟ್ಟು?” ಅಂದರು.

ಅವರು ಹೋದ ಮೇಲೆ ಶೆಡ್ಡಿನ ಗೋಡೆಗೆ ಎದುರಾಗಿ ದೀಪ ಹಾಕಿದೆ. ಎಡಗಡೆ ಉಜ್ಜಿದ್ದು, ಬಲಗಡೆ ಇನ್ನೂ ಹಳೆಯದು. ಎಡದ ಬೆಳಕಿನಲ್ಲಿ ಇಟ್ಟಿಗೆಯ ಸಂದು ಸಂದೂ ಕಾಣಿಸಿತು. ಬಲಗಡೆ ಹಾಲು ಚೆಲ್ಲಿದ ಹಾಗೆ ಒಂದು ಮಬ್ಬು, ಅದರಾಚೆ ಕತ್ತಲು. ಆ ಮಬ್ಬಿನಲ್ಲಿ ನೀನು ಎರಡು ವರ್ಷ ಓಡಾಡಿದ್ದೀಯ. ಬಿದ್ದು ಸೊಂಟ ಮುರಿದುಕೊಂಡವರನ್ನು ಮತ್ತೆ ನಡೆಸುವುದಕ್ಕೆಂದು ಸಂಜೆ ಮನೆಮನೆಗೆ ಹೋಗಿ ಬಂದಿದ್ದೀಯ. ಬಂದ ಪ್ರತಿ ದಿನವೂ, “ದೀಪ ಮಂಕಾಗಿದೆ ರೀ, ರಸ್ತೆನೇ ಕಾಣಲ್ಲ” ಅಂದಿದ್ದೀಯ. ನಾನು ಏನು ಮಾಡಿದೆ? ಗಿರಾಕಿಗಳ ಮುಂದೆ, “ಕನ್ನಡಕದವನ ಹೆಂಡತಿಗೇ ಕಣ್ಣು ಕಾಣಲ್ವಂತೆ” ಎಂದು ನಗೆಯಾಡಿದೆ. ಅಂಗಡಿಯಲ್ಲಿ ಕೂರಿಸಿ ಕಣ್ಣು ಪರೀಕ್ಷೆ ಮಾಡಿದೆ. ಕೊನೆಯ ಸಾಲಿನ ಅಕ್ಷರವನ್ನೂ ನೀನು ಪಟಪಟ ಓದಿದೆ. ಆಗಲಾದರೂ ಎದ್ದು ಹೋಗಿ ಕಾರು ನೋಡಬೇಕಿತ್ತು. ಅದರ ಬದಲು, ಕಣ್ಣು ಸರಿ ಇದೆ, ನಿನ್ನ ಗಮನವೇ ಸರಿಯಿಲ್ಲ ಎಂದುಬಿಟ್ಟೆ. ಈಗ ಇದನ್ನು ಬರೆಯುವಾಗ ಮುಖ ಎಲ್ಲಿಡಬೇಕೋ ತಿಳಿಯದಷ್ಟು ನಾಚಿಕೆಯಾಗುತ್ತಿದೆ.

ಆ ಮಂಗಳವಾರ ಬೆಳಿಗ್ಗೆಯೂ ನೆನಪಾಗುತ್ತದೆ. ಮೇಷ್ಟ್ರು ಬಂದು, ತಮ್ಮ ಗೇಟು ಸೊಟ್ಟಗಾಗಿದೆ, ಅದರ ಮೇಲೆ ನಮ್ಮ ಕಾರಿನ ಬಣ್ಣ ಹತ್ತಿದೆ ಎಂದು ಸಂಕೋಚದಿಂದಲೇ ಹೇಳಿದರು. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. ನೀನು ಹೊರಗೆ ಹೋಗಿ ಬಂಪರಿನ ತರಚು ನೋಡಿ ಬಿಳಿಚಿಕೊಂಡೆ. “ಅಯ್ಯೋ, ನಾನೇ ಇರಬೇಕು. ತಾಗಿದ್ದೇ ಗೊತ್ತಾಗಲಿಲ್ಲವಲ್ಲ” ಅಂದೆ. ಅವತ್ತೇ ನೀನು ಸಂಜೆಯ ಕೆಲಸ ಬಿಟ್ಟೆ. ವಾರ ಕಳೆದ ಮೇಲೆ ನೀನು ತಟ್ಟೆ ತೊಳೆಯುತ್ತಾ, “ನಮ್ಮಮ್ಮನಿಗೂ ಮರೆವು ಶುರುವಾದದ್ದು ಹೀಗೆಯೇ, ಮಾಡಿದ್ದು ನೆನಪಿರುತ್ತಿರಲಿಲ್ಲ” ಎಂದೆ. ಆಗಲೂ ನಾನು ನಲ್ಲಿ ಸೋರುತ್ತಿದೆ ಎಂದೇನೋ ಗೊಣಗಿದೆ. ಈಗ ಬುಧವಾರ ಅಕ್ಕ ನಿನ್ನನ್ನು ಮರೆವಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತಾರಂತೆ. ನಿನ್ನೆ ಮೇಷ್ಟ್ರು ಹೋಗುವಾಗ, “ಗೇಟಿನ ವಿಷಯ ಅಮ್ಮಾವ್ರು ಮನಸ್ಸಿಗೆ ಹಚ್ಕೊಳ್ಳೋದು ಬೇಡ ಅಂತ ಹೇಳಿ” ಅಂದರು. ನಾನು ಹೂಂ ಅಂದೆ.

ಬಲಗಡೆಯ ದೀಪವೂ ಇವತ್ತು ಮುಗಿಯಿತು. ಬಿಸಿಲಿಗೆ ಮತ್ತೆ ಹಳದಿ ತಿರುಗದಿರಲೆಂದು ಮೇಲೊಂದು ಲೇಪ ಕೊಟ್ಟಿದ್ದೇನೆ, ಒಣಗುತ್ತಿದೆ. ಬೆರಳ ತುದಿ ಸವೆದು ಪೆನ್ನು ಹಿಡಿಯಲು ಉರಿಯುತ್ತಿದೆ, ಉರಿಯಲಿ. ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಅವರ ಮುಂದೆ ನನ್ನನ್ನು ಬೈಯಬೇಕೆನಿಸಿದರೆ ಧಾರಾಳವಾಗಿ ಬೈ. ಆರೋಗ್ಯ ನೋಡಿಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ ನಿನ್ನ,
‘ರೀ’

ತಾ.ಕ.: ನಿನ್ನ ತಮ್ಮ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಇಷ್ಟುದ್ದ ಬರೆದು ಬರೆಯಬೇಕಾದದ್ದನ್ನೇ ಬರೆದಿಲ್ಲ. ಮೇಷ್ಟ್ರ ಗೇಟಿಗೆ ಗುದ್ದಿದ್ದು ನೀನಲ್ಲ, ನಾನು. ಆ ಮಂಗಳವಾರದ ಹಿಂದಿನ ಸಂಜೆ ನೀನು ಕೆಲಸ ಮುಗಿಸಿ ಬಂದು ಸ್ನಾನಕ್ಕೆ ಹೋದಾಗ, ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಕಾರು ತೆಗೆದೆ. ತಿರುವಿನಲ್ಲಿ ಗೇಟು ಕಾಣಲೇ ಇಲ್ಲ. ಸದ್ದಿಲ್ಲದೆ ತಂದು ನಿಲ್ಲಿಸಿದೆ. ಬೆಳಿಗ್ಗೆ ನೀನು ‘ನಾನೇ ಇರಬೇಕು’ ಅಂದಾಗ ಬಾಯಿ ಬಿಡಲಿಲ್ಲ, ಆಮೇಲೆ ಬಿಡುವ ಧೈರ್ಯ ಬರಲಿಲ್ಲ. ಈಗಷ್ಟೇ ಹೋಗಿ ಮೇಷ್ಟ್ರಿಗೆ ಹೇಳಿ ಬಂದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನೀನೂ ಹಾಕಿಕೊಳ್ಳಬಹುದು. ಆದರೆ ಬುಧವಾರ ಡಾಕ್ಟರ ಹತ್ತಿರ ಹೋಗಬೇಡ. ನೀನು ಏನನ್ನೂ ಮರೆತಿಲ್ಲ. ನಿನಗೆ ನೆನಪಾಗದೇ ಇರುವುದು ನಡೆದೇ ಇಲ್ಲ.