ಕಾಫಿ ಮಿಷನ್ನಿನ ಹೊಟ್ಟೆಯಲ್ಲಿದ್ದ ಸುಣ್ಣ

ಅಪ್ಪಾ,

ಇವತ್ತು ಬೆಳಿಗ್ಗೆ ಸ್ಟೀಲ್ ಬಟ್ಟಲಿನ ತಳದಲ್ಲಿ ಒಂದು ಚೂರು ಸಿಕ್ಕಿತು. ಹಲ್ಲಿಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗೆ, ಅಷ್ಟೇ ಬಿಳುಪು. ಬೆರಳ ಮೇಲಿಟ್ಟು ನೋಡಿದರೆ ಕೊಳವೆಯ ಒಳಮೈ ಹೇಗಿತ್ತೋ ಹಾಗೇ ಬಾಗಿದೆ. ನಿನ್ನ ಕಾಫಿ ಮಿಷನ್ನಿನ ಹೊಟ್ಟೆಯಿಂದ ಬಿದ್ದ ಸುಣ್ಣ ಅದು. ಎಸೆಯದೆ ಒಂದು ಬಾಟಲಿ ಮುಚ್ಚಳದಲ್ಲಿ ಎತ್ತಿಟ್ಟಿದ್ದೇನೆ.

ನಾಳೆ ಪಕ್ಷದ ಹಬ್ಬ. ನಿನ್ನ ವರ್ಷ ಕಳೆದ ಮೇಲೆ ನಿನಗಿಡುವ ಮೊದಲ ಎಡೆ. ಅಮ್ಮ ಕಜ್ಜಾಯದ ಹಿಟ್ಟು ಕಲಸಿಟ್ಟಿದ್ದಾಳೆ, ಹೊಸ ಪಂಚೆ ತರಿಸಿದ್ದಾಳೆ. ಎಡೆಗೆ ಏನೇನು ಇಡಬೇಕು ಅಂತ ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಓಡಾಡುತ್ತಾಳೆ. ನಿನಗಿಷ್ಟವಾದ ಹುರುಳಿ ಬಸ್ಸಾರು ಬಂತು, ಕಡುಬು ಬಂತು, ಎಲೆಅಡಿಕೆಯೂ ಬಂತು. ಕಾಫಿ ಮಾತ್ರ ಬರುವುದಿಲ್ಲ. ನೀನು ಹೋದಾಗಿನಿಂದ ಅವಳು ಕಾಫಿ ಕುಡಿಯುವುದನ್ನೇ ಬಿಟ್ಟಿದ್ದಾಳೆ. ನಿನಗಿಷ್ಟವಾದದ್ದನ್ನು ನಿನ್ನ ಹೆಸರಲ್ಲಿ ಬಿಟ್ಟಳು ಅಂತ ಎಲ್ಲರೂ ಅಂದುಕೊಂಡೆವು. ನಾನೂ.

ಆ ಮಿಷನ್ ಮನೆಗೆ ಬಂದ ದಿನ ನೆನಪಿದೆಯಾ? ಕೊಬ್ಬರಿ ಮಾರಿದ ದುಡ್ಡಿನಲ್ಲಿ ಕೊಂಡು, ಮಂಡಿಯಿಂದ ಬರುವಾಗ ನೀನು ಅದನ್ನು ಮಗುವಿನಂತೆ ಎತ್ತಿಕೊಂಡು ಬಂದೆ. ಮೊದಲ ಸಲ ಅದು ಗುರ್ರ್ ಅಂದಾಗ ಅಮ್ಮ, "ಎರಡು ಗುಟುಕು ಕಾಫಿಗೆ ಇಷ್ಟು ಸದ್ದಾ? ಕಾಯಿ ಸುಲಿಯೋ ಮಿಷನ್ನೇ ವಾಸಿ ಕಣ್ರೀ" ಅಂದಿದ್ದಳು. ಆಮೇಲೆ ದಿನಾ ಸಂಜೆ ನಿನಗಿಂತ ಮೊದಲು ಲೋಟ ಹಿಡಿದು ನಿಲ್ಲುತ್ತಿದ್ದವಳೂ ಅವಳೇ. ಅಂಥ ಮಿಷನ್ ನೀನಿರುವಾಗಲೇ ಕೆಟ್ಟು ನಿಂತು, ಆಮೇಲೆ ಅಡುಗೆಮನೆಯ ಮೂಲೆಯಲ್ಲಿ ಟವೆಲ್ ಹೊದ್ದು ಕೂತಿತ್ತು. ನಾಳೆ ನಿನ್ನ ಎಡೆಯಲ್ಲಿ ಅದರದ್ದೇ ಒಂದು ಲೋಟ ಕಾಫಿ ಇರಬೇಕು ಅಂತ ನನ್ನ ತಲೆಗೆ ಹೊಕ್ಕಿಬಿಟ್ಟಿತು. ಅಲ್ಲಿಂದ ಈಚೆಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಿನ್ನೆ ಬೆಳಿಗ್ಗೆ ಟವೆಲ್ ತೆಗೆದು ನೀರು ಹಾಕಿ ಸ್ವಿಚ್ ಒತ್ತಿದರೆ ಪಂಪು ನರಳಿತು, ಒಂದು ಹನಿ ಬೀಳಲಿಲ್ಲ. ಕಾಫಿ ಇಳಿಯುವ ಬಾಯಿಯ ಜರಡಿ ಬಿಚ್ಚಿದೆ. ತೂತುಗಳೇ ಕಾಣಿಸುತ್ತಿಲ್ಲ, ಅಷ್ಟು ಸುಣ್ಣ. ಹಬೆ ಕೊಳವೆಯ ತುದಿಗೆ ಸೂಜಿ ಹಾಕಿದರೆ ಸೂಜಿಯೇ ಬಾಗಿತು. ಅಷ್ಟರಲ್ಲಿ ಚಿಕ್ಕಪ್ಪ ಬಂದರು. ನೋಡಿ ನಕ್ಕರು.

"ಎಂ.ಎ. ಓದಿದ್ದು ಇದಕ್ಕೇನೇ? ತೋಟದಲ್ಲಿ ಡ್ರಿಪ್ ಪೈಪಿಗೆ ಬುಡೋ ಆಸಿಡ್ ಐತೆ ಕಣೇ. ಒಂದು ಮುಚ್ಚಳ ಬುಡು, ಎಲ್ಲಾ ಕಿತ್ಕೊಂಡು ಹೋಯ್ತದೆ."

"ಆಯ್ತು ಚಿಕ್ಕಪ್ಪ. ಮೊದಲನೇ ಕಾಫಿ ನಿಮಗೇ ಕೊಡ್ತೀನಿ" ಅಂದೆ.

ಚಿಕ್ಕಪ್ಪ ಎರಡು ಹೆಜ್ಜೆ ಹಿಂದೆ ಸರಿದರು. "ನಿಂಬೆ ಉಪ್ಪು ಹಾಕು ಬುಡು" ಅಂತ ಹೊರಟುಹೋದರು.

ಅಂಗಡಿಯಲ್ಲಿ ನಿಂಬೆ ಉಪ್ಪು ಕೇಳಲು ಬೇರೆ ಗಿರಾಕಿಗಳೆಲ್ಲ ಹೋಗುವವರೆಗೆ ಕಾದೆ. ನಾಲ್ಕು ಜನರೆದುರು ಬಾಯಿ ಬಿಡಲಾರದವಳು ಈಗಲೂ ಹಾಗೇ ಇದ್ದೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ಮೊದಲು ಬರೀ ಬಿಸಿನೀರು ಹಾಕಿ, ಆಫ್ ಮಾಡಿ, ನೆನೆಯಲು ಬಿಟ್ಟೆ. ಬಹಳ ಹೊತ್ತಿನ ಮೇಲೆ ನೀರು ತೊಟ್ಟಿಕ್ಕಿತು. ಸುಣ್ಣ ಬರುತ್ತದೆ ಅಂತ ಕಾದರೆ ಬಂದದ್ದು ಕಂದು ಬಣ್ಣದ ಅಂಟು. ಮೂಸಿದರೆ ಸೀದ ಬೆಲ್ಲದ ವಾಸನೆ. "ಕಾಫಿ ಮಿಷನ್ನಿನೊಳಗೆ ಬೆಲ್ಲ ಎಲ್ಲಿಂದ ಬಂತು?" ಅಂತ ಬಾಯಿಬಿಟ್ಟೇ ಅಂದೆ.

ತಿರುಗಿದರೆ ಅಮ್ಮ ಬಾಗಿಲಲ್ಲಿ ನಿಂತಿದ್ದಳು.

"ಬೆಲ್ಲ ಅಲ್ಲ ಕಣೇ. ಎಳನೀರು."

ಕೊನೆಕೊನೆಗೆ ಬೋರ್ ನೀರು ಉಪ್ಪುಪ್ಪು ಅಂತ ನೀನು ಲೋಟ ದೂರ ತಳ್ಳುತ್ತಿದ್ದೆಯಲ್ಲ, ಆಗ ಅವಳು ನಿನಗೆ ಹೇಳದೆ ಎಳನೀರು ಕೆತ್ತಿಸಿ ಟ್ಯಾಂಕಿಗೆ ಸುರಿದಿದ್ದಾಳೆ. ನಮ್ಮ ಕಡೆಯವರಿಗಲ್ಲದೆ ಇನ್ಯಾರಿಗೆ ಹೊಳೆಯುತ್ತದೆ ಇದು? ಎಳನೀರಿಗಿಂತ ಒಳ್ಳೇ ನೀರು ಇಲ್ಲ ಅಂತ ಅವಳ ಲೆಕ್ಕ. ನೀನು ಒಂದು ಗುಟುಕು ಕುಡಿದು, "ಇವತ್ತು ಚೆನ್ನಾಗೈತಲ್ಲೇ, ಏನ್ ಹಾಕ್ದೆ?" ಅಂದಿದ್ದೆಯಂತೆ. "ಏನಿಲ್ಲ, ನಿಮ್ಮ ಮಿಷನ್ನೇ" ಅಂದಳಂತೆ. ಅದಾದ ಸ್ವಲ್ಪ ದಿನಕ್ಕೇ ಮಿಷನ್ ಕೆಟ್ಟು ನಿಂತಿತು. ನೀನು ಮಿಷನ್ ಕಾಫಿ ಕೇಳುತ್ತಲೇ ಇದ್ದೆ, ಆಮೇಲೆ ಕೇಳುವುದನ್ನೂ...

"ಅವರ ಕೊನೇ ಆಸೆಗೆ ನಾನೇ ಕಲ್ಲು ಹಾಕ್ದೆ" ಅಂದಳು. "ಆ ಕಾಫಿ ನನ್ನ ಗಂಟಲಲ್ಲಿ ಹೆಂಗೆ ಇಳೀತದೆ?"

ಇಷ್ಟು ದಿನ ಇವಳು ಇದನ್ನು ಒಬ್ಬಳೇ ಹೊತ್ತುಕೊಂಡು ಓಡಾಡಿದಳಾ? ಟ್ಯಾಂಕಿಗೆ ಮತ್ತೆ ಬಿಸಿನೀರು ಸುರಿದೆ. ತೊಳೆಯುತ್ತಾ ಹೋದೆ. ಎಳನೀರಿನ ಅಂಟು ಬಿಸಿನೀರಿಗೇ ಕರಗಿ ಹೋಯಿತು, ನೀರು ತಿಳಿಯಾಯಿತು. ಆದರೂ ಮಿಷನ್ ಕಟ್ಟಿಕೊಂಡೇ ಇತ್ತು. ಆಮೇಲೆ ನಿಂಬೆ ಉಪ್ಪಿನ ನೀರು ಹಾಕಿದೆ. ಒಂದಿಷ್ಟು ಇಳಿಸುವುದು, ನಿಲ್ಲಿಸುವುದು, ನೆನೆಯಲು ಬಿಡುವುದು, ಮತ್ತೆ ಇಳಿಸುವುದು. ಒಳಗೆ ಕೆಂಡದ ಮೇಲೆ ನೀರು ಬಿದ್ದಂತೆ ಚುಯ್ ಅನ್ನುವ ಸದ್ದು. ಚಕ್ಕೆ ಎದ್ದು ಬಂದು ಬಾಯಿಗೆ ಸಿಕ್ಕಿಕೊಳ್ಳುವುದು, ಮತ್ತೆ ಬಿಚ್ಚುವುದು. ನಿನ್ನೆಯೆಲ್ಲ ಇದೇ. ಜರಡಿಯನ್ನು ರಾತ್ರಿ ಬಟ್ಟಲಿನಲ್ಲಿ ನೆನೆಹಾಕಿ ಮಲಗಿದೆ.

ಬೆಳಿಗ್ಗೆ ಸಿಕ್ಕ ಚೂರನ್ನು ಅಮ್ಮನ ಅಂಗೈಗೆ ಹಾಕಿದೆ. "ಇದು ಬೋರ್ ನೀರಿಂದು. ಗೀಸರ್ ಒಳಗೆ ಇರತ್ತಲ್ಲ, ಅದೇ. ನಿನ್ನ ಎಳನೀರಿನ ಅಂಟು ಬಿಸಿನೀರಿಗೇ ಹೋಯ್ತು. ಮಿಷನ್ ನಿಲ್ಲಿಸಿದ್ದು ಇದು."

ಹೌದಲ್ಲವಾ ಅಪ್ಪಾ? ಡ್ರಿಪ್ಪಿಗೆ ವರ್ಷ ತಪ್ಪದೆ ಆಸಿಡ್ ಬಿಟ್ಟೆ. ಇದನ್ನು ಒಂದು ದಿನವಾದರೂ ತೊಳೆದೆಯಾ? ಬೈಯುತ್ತಿಲ್ಲ. ಆದರೆ ನಿನ್ನ ಸೋಮಾರಿತನವನ್ನು ಅಮ್ಮ ತನ್ನ ತಲೆಗೆ ಕಟ್ಟಿಕೊಂಡಿದ್ದಳು.

ಅಮ್ಮ ಆ ಚೂರನ್ನು ಉಗುರಿನಿಂದ ಕೆರೆದು ನೋಡಿದಳು. "ಇರಬಹುದು" ಅಂದಳು, ಅಷ್ಟೇ. ಹೋಗಿ ಕಾಯಿ ತುರಿಯಲು ಕೂತಳು. ಮಧ್ಯಾಹ್ನ ತಿಳಿನೀರು ಹಾಯಿಸಿ ಹಾಯಿಸಿ ಹುಳಿ ಪೂರ್ತಿ ಹೋದ ಮೇಲೆ ಕಾಫಿ ಪುಡಿ ಹಾಕಿ ಒತ್ತಿದೆ. ಗುರ್ರ್ ಅಂದಿತು. ದಾರದಂತೆ ಇಳಿಯಿತು, ಮೇಲೆ ನೊರೆ ಸಮೇತ. ತುರಿಯುವ ಸದ್ದು ನಿಂತಿತು. ಲೋಟ ತೆಗೆದುಕೊಂಡು ಹೋದೆ. ಮುಖ ಪಕ್ಕಕ್ಕೆ ತಿರುಗಿಸಿ, "ನೀನು ಕುಡಿ ಕಣೇ" ಅಂದಳು.

ನಂಬಿದಳಾ, ಇಲ್ಲವಾ? ಅಡುಗೆಮನೆಗೂ ಜಗಲಿಗೂ ಓಡಾಡಿ ಓಡಾಡಿ ಈಗ ಬರೆಯಲು ಕೂತಿದ್ದೇನೆ. ಅವಳನ್ನು ಮಾತಿನಲ್ಲಿ ಗೆಲ್ಲುವುದು ನನ್ನಿಂದ ಆಗುವುದಿಲ್ಲ. ಆದರೆ ಎಡೆಗಿಟ್ಟದ್ದನ್ನು ನಮ್ಮ ಮನೆಯಲ್ಲಿ ಯಾರೂ ಬೇಡ ಅನ್ನುವ ಹಾಗಿಲ್ಲ, ಅಮ್ಮನೂ.

ನಾಳೆ ಎಲ್ಲ ಬಡಿಸಿ, ನೀನು ಬಂದು ಉಣ್ಣಲಿ ಅಂತ ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತೇವಲ್ಲ, ಅದಕ್ಕೆ ಮುಂಚೆ ನಿನ್ನ ಎಲೆಯ ಪಕ್ಕ ಒಂದು ಲೋಟ ಕಾಫಿ ಇಡುತ್ತೇನೆ. ಬಾಗಿಲು ತೆಗೆದ ಮೇಲೆ ಆ ಲೋಟ ಅಮ್ಮನ ಕೈಗೆ. ನೀನು ಒಂದು ಗುಟುಕು ಕುಡಿದು ಮಿಕ್ಕಿದ್ದು ಅವಳಿಗೆ ಬಿಡು. ರುಚಿ ಗುರುತು ಸಿಗುತ್ತದೆ ನಿನಗೆ. ಟ್ಯಾಂಕಿಗೆ ಎಳನೀರನ್ನೇ ಹಾಕುತ್ತೇನೆ. ಮಿಷನ್ ಅಂಟಾದರೆ ಆಗಲಿ. ತೊಳೆಯುವುದು ಈಗ ನನಗೆ ಗೊತ್ತು.