ಸಪ್ಪಳ ನಿಂತಾಗ

ಗಜೇಂದ್ರಗಡ
ಫೆಬ್ರವರಿ ಮೂವತ್ತು, ೨೧೮೭

ಒಂದೂವರೆ ಶತಮಾನದ ಹಿಂದಿರುವ ಹಿರಿಯರಿಗೆ ನೀಲಗಂಗಾಳ ಶರಣು.

ನಿಮ್ಮ ಫೆಬ್ರವರಿಗೆ ಮೂವತ್ತನೆಯ ದಿನವಿಲ್ಲವೆಂದು ಬಲ್ಲೆ, ನಮ್ಮ ಪಂಚಾಂಗದಲ್ಲಿದೆ. ನನ್ನ ಕನ್ನಡದ ಕೆಲವು ಪದಗಳು ನಿಮಗೆ ಅಪರಿಚಿತವೆನಿಸಿದರೆ ಮನ್ನಿಸಿ. ಆದರೂ ನಮ್ಮ ಮನೆಯಲ್ಲಿ ನಡೆದದ್ದನ್ನು ನಿಮಗೆ ಹೇಳಲೇಬೇಕು. ನಿಮ್ಮ ಕಾಲದಲ್ಲೂ ಜನ ಯುದ್ಧದಿಂದ ಮನೆಗೆ ಮರಳುತ್ತಿದ್ದಾರಲ್ಲ.

ನನ್ನ ಅಣ್ಣನ ಹೆಂಡತಿ ಶಾಂಭವಿ ವೈನಿ ಗಡಿಯ ಯುದ್ಧದಲ್ಲಿ ಗಾಯಾಳುಗಳನ್ನು ಸಾಗಿಸುವ ಗಾಡಿ ಓಡಿಸುತ್ತಿದ್ದಳು. ಅಲ್ಲಿ ಆಕಾಶದಿಂದ ಎರಗುತ್ತಿದ್ದ ಯಂತ್ರಗಳಿಗೆ ನಾವು ಮೂಕಹದ್ದು ಎನ್ನುತ್ತೇವೆ. ದೂರದಲ್ಲಿರುವಾಗ ಅವು ಗುಂಯ್‌ಗುಡುತ್ತವೆ. ಎರಗುವ ಮುನ್ನ ಸದ್ದು ನಿಲ್ಲಿಸಿಬಿಡುತ್ತವೆ. ಸದ್ದು ನಿಂತಿತೆಂದರೆ ಸಾವು ತಲೆಯ ಮೇಲಿದೆ ಎಂದೇ ಅರ್ಥ. ಯುದ್ಧ ಮುಗಿದು ವೈನಿ ಮನೆಗೆ ಬಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ.

ಆದರೆ ನಮ್ಮ ಕಾಲದ ಮನೆಗಳು ಬಲು ನಿಶ್ಶಬ್ದ. ಫ್ಯಾನಿಗೆ, ಒಲೆಗೆ, ಬೀದಿಯ ಬಂಡಿಗೆ ಯಾವುದಕ್ಕೂ ದನಿಯಿಲ್ಲ. ವೈನಿ ದಿನವಿಡೀ ನಲ್ಲಿ ಬಿಟ್ಟುಕೊಂಡಿರುತ್ತಿದ್ದಳು, ಡಬ್ಬಿ ಬಡಿಯುತ್ತಿದ್ದಳು. ಒಂದು ಮಧ್ಯಾಹ್ನ ಊಟದ ನಡುವೆ ಎಲ್ಲರ ಮಾತೂ ಒಮ್ಮೆಲೇ ನಿಂತಿತು. ವೈನಿ ತನ್ನ ಮಗಳು ತುಂಗಾಳನ್ನು ಎಳೆದುಕೊಂಡು ಮಂಚದ ಕೆಳಗೆ ತೂರಿ, ಆಕೆಯ ಬಾಯಿ ಅದುಮಿ ಹಿಡಿದಳು. ನಾವು ಬಿಡಿಸುವಷ್ಟರಲ್ಲಿ ಮಗುವಿನ ತುಟಿ ಒಡೆದಿತ್ತು. ಅಂದಿನಿಂದ ತುಂಗಾ ತಾಯಿಯ ಹತ್ತಿರ ಸುಳಿಯಲಿಲ್ಲ.

ವೈನಿ ಬಟ್ಟೆಯ ಗಂಟು ಕಟ್ಟಿದಳು. "ನಾ ಹೋಗ್ತೀನ್ರಿ ಅತ್ತಿ. ಈ ಕೂಸಿಗೆ ನನ್ನಿಂದನ ಅಪಾಯ ಐತಿ."

ಅವ್ವ ಗಂಟು ಕಸಿದುಕೊಂಡಳು. "ಎಲ್ಲಿಗೆ ಹೋಗ್ತಿ? ಅದು ನಿನ್ನ ಬೆನ್ನ ಹತ್ತಿ ಅಲ್ಲಿಗೂ ಬರ್ತೈತಿ. ಇಲ್ಲಿ ಇದ್ರ ಜೋಡಿಗೆ ನಾವರ ಇರ್ತೀವಿ."

ನಮ್ಮ ಪ್ರತಿ ಊರಿನಲ್ಲೂ ಮರಳುಮನೆಯೆಂಬುದಿದೆ. ಯುದ್ಧದಿಂದ ಬಂದವರಿಗೆ ಅಲ್ಲಿ ಮನಸ್ಸಿನ ಚಿಕಿತ್ಸೆ. ಒಬ್ಬರನ್ನೇ ಸೇರಿಸಿಕೊಳ್ಳುವುದಿಲ್ಲ, ಮನೆಮಂದಿಯೂ ಹೋಗಬೇಕು. ನಾವೆಲ್ಲರೂ ಹೋದೆವು. ಅಲ್ಲಿನ ವೈದ್ಯೆ ಹಲೀಮಾ ಮೊದಲು ಮಾತಾಡಿಸಿದ್ದು ತುಂಗಾಳನ್ನು.

"ಅವ್ವನ್ನ ಕಂಡ್ರ ಅಂಜಿಕಿ ಆಗ್ತೈತೇನವ್ವಾ?"

"ಹೂಂ," ಎಂದಿತು ಮಗು. "ಆಕಿಗೂ ಅಂಜಿಕಿ ಆಗ್ತೈತಿ."

ಯುದ್ಧದಿಂದ ಬಂದಮೇಲೆ ವೈನಿ ಅಂದೇ ಮೊದಲ ಬಾರಿಗೆ ಗೊಳೋ ಎಂದು ಅತ್ತಳು.

ಆಮೇಲಿನದು ನಿಧಾನದ ಕೆಲಸ. ವೈದ್ಯೆಯ ಎದುರು ವೈನಿಯ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಮೌನದಲ್ಲಿ ಕೂಡುವುದನ್ನು ಕಲಿತೆವು. ಮನೆಯಲ್ಲಿ ಸದಾ ಸಪ್ಪಳವಿರಲೆಂದು ನಮ್ಮ ಓಣಿಯ ಹೆಂಗಸರು ಪಾಳಿಯಂತೆ ನಮ್ಮ ಪಡಸಾಲೆಗೇ ಬಂದು ರೊಟ್ಟಿ ಬಡಿದರು. ವೈನಿ ಈಗಲೂ ಕೆಲವೊಮ್ಮೆ ಬೆಚ್ಚುತ್ತಾಳೆ. ಆದರೆ ಅಡಗುವುದಿಲ್ಲ. "ಸಪ್ಪಳ ನಿಂತೈತ್ರಿ," ಎನ್ನುತ್ತಾಳೆ. "ನಾವ್ ಇದ್ದೀವಿ," ಎಂದು ನಮ್ಮಲ್ಲಿ ಯಾರಾದರೂ ಓಗೊಡುತ್ತಾರೆ. ಮೊನ್ನೆ ಮಧ್ಯಾಹ್ನ ತುಂಗಾ ತಾನಾಗಿಯೇ ಬಂದು ಆಕೆಯ ತೊಡೆಯ ಮೇಲೆ ನಿದ್ದೆ ಹೋದಳು. ಮನೆಯಲ್ಲಿ ಒಂದೂ ಸದ್ದಿರಲಿಲ್ಲ. ವೈನಿ ಕದಲದೆ ಕುಳಿತು ಮಗಳ ಕೂದಲು ನೇವರಿಸುತ್ತಿದ್ದಳು.

ಹಿರಿಯರೇ, ಮರಳಿ ಬಂದವರಿಗೆ 'ಈಗ ಎಲ್ಲ ಮುಗಿಯಿತಲ್ಲ' ಎನ್ನಬೇಡಿ. ಮುಗಿದಿರುವುದಿಲ್ಲ. ಆದರೆ ಈ ಗಾಯ ಮಾಯುತ್ತದೆ, ಕಣ್ಣಾರೆ ಕಂಡು ಬರೆಯುತ್ತಿದ್ದೇನೆ. ನಮ್ಮ ಮರಳುಮನೆಗಳನ್ನು ಮೊದಲು ಕಟ್ಟಿದವರು ಯಾರೆಂದು ಇಲ್ಲಿ ಯಾರಿಗೂ ನೆನಪಿಲ್ಲ. ಅದು ನೀವೇ ಆಗಿರಬೇಕೆಂದು ನನ್ನ ನಂಬಿಕೆ. ಇನ್ನೂ ಶುರುಮಾಡಿಲ್ಲವಾದರೆ, ಶುರುಮಾಡಿ.